ಕೋಟಿನ ಕಿಸೆಯಲ್ಲಿ ಉಳಿದ ಓಟು

ಗಲ್ಫಿನ ಅಲ್ ಖೋಬರಿನಲ್ಲಿ ಸೆಪ್ಟೆಂಬರ್ ಬಂತೆಂದು ತಿಳಿಯಲು ಕ್ಯಾಲೆಂಡರ್ ಬೇಡ. ಏಸಿ ಕೋಣೆಯಿಂದ ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕದ ಮೇಲೆ ಹಬೆ ಕೂತು ರಸ್ತೆ, ಕಾರು, ಕಡಲು ಎಲ್ಲ ಹಾಲಿನಲ್ಲಿ ಅದ್ದಿದಂತಾಗುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಕಳೆದ ತಿಂಗಳು ನಮ್ಮ ಕಂಪೆನಿಯ ಹಳೆಯ ಆಫೀಸಿನಿಂದ ಕಡತಗಳನ್ನು ಸಾಗಿಸಲು ಹೋದಾಗಲೂ ಹಾಗೆಯೇ ಆಯಿತು. ಗೋಡೆ ತಡವಿಕೊಂಡು ಒಳಗೆ ಹೋದೆ. ಮೊದಲು ಮೂಗಿಗೆ ಬಡಿದದ್ದು ಒದ್ದೆಯಾದ ಏಸಿ ಫಿಲ್ಟರಿನ ವಾಸನೆ. ಕನ್ನಡಕ ತಿಳಿಯಾದ ಮೇಲೆ ಕಂಡದ್ದು ಕಪಾಟಿನ ಮೇಲೆ ಧೂಳು ಹಿಡಿದು ಕೂತ ನನ್ನದೇ ಪ್ಲಾಸ್ಟಿಕ್ ಟ್ರೇಗಳು. ಒಂದರ ಮುಂದೆ ಚೀಟಿ ಕಿತ್ತ ಗುರುತು. ಅಂಟು ಇನ್ನೂ ಉಳಿದಿತ್ತು. ಉಗುರಿನಿಂದ ಕೆರೆದೆ. ಐದು ವರ್ಷ ಹಿಂದಿನ ಸಿಟ್ಟು ಐದು ನಿಮಿಷದಲ್ಲಿ ವಾಪಸು ಬಂತು.

ಆ ಚೀಟಿಯಲ್ಲಿದ್ದದ್ದು ‘ಇಂಗ್ಲೆಂಡ್’ ಎಂದು. ಬರೆದವನು ನಾನೇ.

ಅದು 2014. ಸಮುದ್ರದ ನೀರನ್ನು ಸಿಹಿ ಮಾಡಿ ಊರೊಳಗೆ ತರುವ ಪೈಪುಗಳ ಕೆಲಸ ನಮ್ಮ ಕಂಪೆನಿಯದ್ದು. ಪೈಪು ಹಾಕುವವರು ಬೇರೆ. ನಾನು ಅದರ ನಕ್ಷೆಗಳಿಗೆ ನಂಬರು ಹಾಕಿ ಕಪಾಟಿನಲ್ಲಿ ಇಡುವವ. ಜೊತೆಗೆ ಅಂಚೆಯೂ ನನ್ನ ಪಾಲಿಗೆ ಬಿದ್ದಿತ್ತು. ಇಲ್ಲಿ ಅಂಚೆಯವ ಮನೆ ಬಾಗಿಲಿಗೆ ಬರುವುದಿಲ್ಲ. ನಮ್ಮ ಡ್ರೈವರ್ ಹಮೀದಾಕ, ಬಿ.ಸಿ. ರೋಡಿನವರು, ವಾರಕ್ಕೆರಡು ಸಲ ಪೋಸ್ಟ್ ಬಾಕ್ಸಿನಿಂದ ಚೀಲ ತಂದು ನನ್ನ ಮೇಜಿನ ಮೇಲೆ ಸುರಿಯುತ್ತಿದ್ದರು. ಅದನ್ನು ಹಂಚಲು ನಾನೊಂದು ವ್ಯವಸ್ಥೆ ಮಾಡಿದ್ದೆ: ದೇಶಕ್ಕೊಂದು ಟ್ರೇ. ಯಾವ ದೇಶದ ಸ್ಟಾಂಪೋ ಆ ಟ್ರೇಗೆ. ಟ್ರೇ ಆ ದೇಶದವರಲ್ಲಿ ದೊಡ್ಡವರ ಕೋಣೆಯಲ್ಲಿ, ಅವರು ತೆಗೆದು ತಮ್ಮವರಿಗೆ ಹಂಚಬೇಕು. ಇಂಡಿಯಾ ದೊಡ್ಡದೆಂದು ಅದಕ್ಕೆ ಎರಡು ಟ್ರೇ: ‘ಕೇರಳ’ ಮತ್ತು ‘ಉಳಿದ ಇಂಡಿಯಾ’. ಎಚ್‌.ಆರ್. ಪಟ್ಟಿಯ ಪ್ರಕಾರ ನನ್ನ ಹೆಸರು ಇದ್ದದ್ದು ಕೇರಳದಲ್ಲಿ.

ಇದನ್ನು ಸ್ವಲ್ಪ ಹೇಳಬೇಕು. ನಮ್ಮ ಊರು ಪೆರ್ಲದ ಹತ್ತಿರ, ಕಾಸರಗೋಡು ಜಿಲ್ಲೆ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮಲಯಾಳ ಬೇಕಾಗುವುದು ಸರಕಾರಕ್ಕೆ ಅರ್ಜಿ ಹಾಕುವಾಗ ಮಾತ್ರ. ಕನ್ನಡ ಶಾಲೆಯ ಮಾಸ್ಟರಾಗಿದ್ದ ಅಪ್ಪ ಬದುಕಿದ್ದಷ್ಟು ದಿನ ಹೇಳುತ್ತಿದ್ದರು: “ರಾತ್ರಿ ಮಲಗುವಾಗ ಮದ್ರಾಸಿನಲ್ಲಿದ್ದೆವು, ಬೆಳಿಗ್ಗೆ ಏಳುವಾಗ ಕೇರಳದಲ್ಲಿದ್ದೆವು. ಚಾಪೆ ಮಾತ್ರ ಅದೇ.” ಹಾಗಾಗಿ ನನ್ನ ಪಾಸ್‌ಪೋರ್ಟು ಕೋಝಿಕ್ಕೋಡಿನದ್ದು. ಹಾಗಾಗಿ ಕಂಪೆನಿ ವರ್ಷಕ್ಕೊಮ್ಮೆ ರಜೆಗೆ ಕೊಡುವ ಟಿಕೆಟೂ ಕೋಝಿಕ್ಕೋಡಿನದ್ದು. ಮಂಗಳೂರಿನಲ್ಲಿ ಇಳಿದರೆ ಒಂದೂವರೆ ಗಂಟೆಯಲ್ಲಿ ಮನೆ. ನಾನು ಹನ್ನೆರಡು ವರ್ಷ ಕೋಝಿಕ್ಕೋಡಿನ ವಿಮಾನ ನಿಲ್ದಾಣವಾದ ಕರಿಪುರದಲ್ಲಿ ಇಳಿದು, ಪೆಟ್ಟಿಗೆ ಹೊತ್ತು ರೈಲು ಹಿಡಿದು, ಅರ್ಧ ದಿನ ಕುಲುಕಿಕೊಂಡು ಮನೆ ಸೇರಿದ್ದೇನೆ. ಅರಬರಿಗೆ ನಾನು ಮಲಬಾರಿ. ಮಲಯಾಳಿಗಳಿಗೆ ಕನ್ನಡದವ. ಖೋಬರಿನ ಕನ್ನಡದವರ ಕೂಟಕ್ಕೆ ಹೋದರೆ “ನೀವು ಕೇರಳದವರಲ್ವಾ?” ನನ್ನ ಹೆಂಡತಿ ಲೀನಾ ಮಂಗಳೂರಿನವಳು, ಜಗಳವಾದರೆ ಅವಳೂ ಅದನ್ನೇ ಹೇಳುತ್ತಾಳೆ.

ಹನ್ನೆರಡು ವರ್ಷ ಯಾಕೆ ಸುಮ್ಮನಿದ್ದೆ ಎಂದರೆ, ನಾನು ಹುಟ್ಟಾ ಹೆದರುಪುಕ್ಕಲ. ವಿಮಾನ ಹಾರಿದ ಮೇಲೂ ಪಾಸ್‌ಪೋರ್ಟ್ ಇದೆಯೋ ಎಂದು ಕಿಸೆ ಮುಟ್ಟಿ ನೋಡುವವ. ಟಿಕೆಟ್ ಬದಲಿಸಿ ಎಂದು ಕೇಳಿದರೆ ಎಲ್ಲಿ ಟಿಕೆಟ್ಟನ್ನೇ ನಿಲ್ಲಿಸುತ್ತಾರೋ ಎಂದು ಕೇಳಿರಲಿಲ್ಲ.

ಆ ವರ್ಷ ಉಪವಾಸದ ತಿಂಗಳು ಜುಲೈ ಸೆಕೆಯಲ್ಲಿ ಬಂದಿತ್ತು. ಉಪವಾಸ ಇರುವವರ ಎದುರು ಚಹಾ ಕುಡಿಯಬಾರದು. ಕುಡಿಯಲೇಬೇಕಾದವರು ಬಾಗಿಲು ಹಾಕಿಕೊಂಡು ಕುಡಿಯಬೇಕು. ನಮ್ಮ ಮಹಡಿಯಲ್ಲಿ ಅಂಥವರು ಮೂವರು. ಮೇನೇಜರ್ ಗ್ರಹಾಂ, ಸೀನಿಯರ್ ಎಂಜಿನಿಯರ್ ಕ್ಯಾಲಂ, ಮತ್ತು ನಾನು. ಗ್ರಹಾಂ ಇಂಗ್ಲೆಂಡಿನ ಉತ್ತರ ತುದಿಯವ. ಕ್ಯಾಲಂ ಸ್ಕಾಟ್ಲೆಂಡಿನ ದಕ್ಷಿಣ ತುದಿಯ ಕೆಲ್ಸೊ ಎಂಬ ಪೇಟೆಯವ. ನಡುವೆ ಗಡಿ. ಒಬ್ಬನ ಮನೆಯಿಂದ ಇನ್ನೊಬ್ಬನ ಮನೆಗೆ ಕಾರಿನಲ್ಲಿ ಒಂದು ಗಂಟೆಯ ದಾರಿ. ಇಬ್ಬರನ್ನೂ ಇಲ್ಲಿ ಏಕವಚನದಲ್ಲೇ ಕರೆಯುತ್ತೇನೆ. ಅಷ್ಟು ವರ್ಷ ‘ಸರ್’ ಎಂದದ್ದಕ್ಕೆ ಅಷ್ಟಾದರೂ ಬೇಡವೇ.

ಒಬ್ಬರೇ ನಿಲ್ಲಬಹುದಾದ ಆ ಚಹಾ ಕೋಣೆಯಲ್ಲಿ ಮೂವರು ನಿಂತು, ಬಾಗಿಲು ಹಾಕಿ, ಬಿಸಿ ಲೋಟ ಹಿಡಿದು, ಅವರಿಬ್ಬರು ಜಗಳಾಡುತ್ತಿದ್ದರು. ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನವರು ಓಟು ಹಾಕಲಿದ್ದರು: ಬೇರೆ ದೇಶವಾಗಬೇಕೇ, ಬೇಡವೇ.

“ಅವರ ಪಾರ್ಲಿಮೆಂಟು ಅವರಿಗೆ ಈಗಲೇ ಇದೆ,” ಗ್ರಹಾಂ ಹೇಳುತ್ತಿದ್ದ. “ಅವರ ಶಾಲೆ, ಆಸ್ಪತ್ರೆ ಅವರೇ ನೋಡಿಕೊಳ್ಳುತ್ತಾರೆ. ಸರಿ. ಆದರೆ ಅವರ ಎಂಪಿಗಳು ಲಂಡನ್ನಿಗೆ ಬಂದು ನಮ್ಮ ಶಾಲೆ, ಆಸ್ಪತ್ರೆಗೂ ಕೈ ಎತ್ತುತ್ತಾರೆ. ನಮ್ಮ ಎಂಪಿ ಅಲ್ಲಿ ಹೋಗಿ ಕೈ ಎತ್ತುವ ಹಾಗಿಲ್ಲ. ಯಾವ ನ್ಯಾಯ ಇದು, ಲಾರೆನ್ಸ್?”

“ಕೇಳಬೇಕಾದ್ದೇ ಸರ್,” ಎಂದೆ.

“ನಮ್ಮ ಕಡೆಯವರು ಓಟು ಹಾಕದ ಪಾರ್ಟಿ ಲಂಡನ್ನಿನಲ್ಲಿ ಕೂತು ನಮ್ಮನ್ನು ಆಳುತ್ತದೆ,” ಕ್ಯಾಲಂ ಹೇಳಿದ. “ಅದು ಯಾವ ನ್ಯಾಯ, ಲಾರೆನ್ಸ್?”

“ಅದೂ ಕೇಳಬೇಕಾದ್ದೇ ಸರ್.”

ಗ್ರಹಾಂಗೆ ಇನ್ನೊಂದು ಉರಿ ಇತ್ತು. ಅವನ ಮಗಳು ಸ್ಕಾಟ್ಲೆಂಡಿನ ಯೂನಿವರ್ಸಿಟಿಯಲ್ಲಿ ಕಲಿಯುತ್ತಿದ್ದಳು. ಅದೇ ಬೆಂಚಿನಲ್ಲಿ ಕೂತ ಸ್ಕಾಟ್ಲೆಂಡಿನ ಹುಡುಗಿಗೆ ಫೀಸಿಲ್ಲ. ಗಡಿಯ ಈಚೆಯ ಇವಳಿಗೆ ಪೂರ್ತಿ ಫೀಸು. “ನನ್ನ ದೇಶವನ್ನು ಎರಡು ತುಂಡು ಮಾಡಲು ಹೊರಟಿದ್ದಾರೆ, ನನ್ನನ್ನು ಒಂದು ಮಾತು ಕೇಳಿದ್ದಾರಾ?” ಎಂದು ಲೋಟ ಕುಟ್ಟುತ್ತಿದ್ದ. ಅಷ್ಟು ವರ್ಷ ‘ನಾನು ಬ್ರಿಟಿಷ್’ ಎನ್ನುತ್ತಿದ್ದವ ಆ ಬೇಸಿಗೆಯಲ್ಲಿ ‘ನಾನು ಇಂಗ್ಲಿಷ್’ ಎನ್ನಲು ಶುರು ಮಾಡಿದ್ದ.

“ಹತ್ತು ವರ್ಷದ ಹಿಂದೆ ನಿಮ್ಮ ಕಡೆಯವರನ್ನು ಕೇಳಿದ್ದರಲ್ಲ, ನಿಮ್ಮ ಉತ್ತರ ಇಂಗ್ಲೆಂಡಿಗೇ ಪ್ರತ್ಯೇಕ ಒಂದು ಶಾಸನಸಭೆ ಬೇಕಾ ಅಂತ. ನೀನೇನು ಹಾಕಿದೆ?” ಕ್ಯಾಲಂ ಕೆಣಕಿದ.

“ಬೇಡ ಅಂತ. ಅಧಿಕಾರವಿಲ್ಲದ ಹರಟೆಕಟ್ಟೆ ಅದು. ಅದಕ್ಕೊಂದು ಕಟ್ಟಡ, ಹತ್ತಿಪ್ಪತ್ತು ಜನಕ್ಕೆ ಸಂಬಳ.”

“ಹಾಗಾದರೆ ಕೇಳಲಿಲ್ಲ ಅನ್ನಬೇಡ. ಕೇಳಿದರು, ನೀನು ಬೇಡ ಅಂದೆ.”

ಇದನ್ನೆಲ್ಲ ಕೇಳಿ ಕೇಳಿ ನನಗೂ ಒಂದು ದಿನ ಬಾಯಿ ತುರಿಸಿತು. ಅಪ್ಪನ ಚಾಪೆಯ ಮಾತು ಹೇಳಿದೆ. ಕ್ಯಾಲಂ ಲೋಟ ಕೆಳಗಿಟ್ಟ.

“ನಿಮ್ಮನ್ನು ಕೇಳಲೇ ಇಲ್ಲವಾ? ಓಟು?”

“ಓಟಿಲ್ಲ ಸರ್. ಯಾರೋ ಕಮಿಷನ್ನಿನವರು ವರದಿ ಬರೆದರಂತೆ. ಅಪ್ಪ ಮನವಿಗೆ ಸಹಿ ಹಾಕಿದ್ದರು.”

“ಮತ್ತೆ?”

“ಮತ್ತೆ ಏನಿಲ್ಲ ಸರ್.”

“ಅದೆಲ್ಲ ಒಂದೇ ತಾನೆ?” ಗ್ರಹಾಂ ನಡುವೆ ಬಂದ. “ಆಚೆಯೂ ಇಂಡಿಯಾ, ಈಚೆಯೂ ಇಂಡಿಯಾ. ನಿನ್ನ ಅಪ್ಪನನ್ನು ಕೇಳಿದ್ದರೂ ಏನು ವ್ಯತ್ಯಾಸ ಆಗುತ್ತಿತ್ತು?”

ಕ್ಯಾಲಂನ ಮುಖ ಕೆಂಪಾಯಿತು. ನನ್ನ ಪರವಾಗಿ ಇನ್ನೊಬ್ಬ ಸಿಟ್ಟಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಏನು ಮಾಡಬೇಕೆಂದು ತಿಳಿಯದೆ ಇಬ್ಬರಿಗೂ ಬಿಸ್ಕತ್ತು ಕೊಟ್ಟೆ.

ಸೆಪ್ಟೆಂಬರಿನಲ್ಲಿ ಕ್ಯಾಲಂ ರಜೆಯ ಮೇಲೆ ಊರಿಗೆ ಹೋಗಿ ಓಟು ಹಾಕುವುದೆಂದಿತ್ತು. ಅಷ್ಟರಲ್ಲಿ ಅವನ ಇಕಾಮಾ, ಅಂದರೆ ಇಲ್ಲಿ ನೆಲೆಸುವ ಪರವಾನಗಿ, ನವೀಕರಣಕ್ಕೆ ಹೋಗಿ ಎಲ್ಲೋ ಸಿಕ್ಕಿಕೊಂಡಿತು. ಅದು ಕೈಗೆ ಬಾರದೆ ದೇಶ ಬಿಡುವ ಹಾಗಿಲ್ಲ. ಇದನ್ನು ಮೊದಲೇ ಶಂಕಿಸಿ ಅವನು ಅಂಚೆಯಲ್ಲಿ ಓಟು ಹಾಕಲು ಅರ್ಜಿ ಕೊಟ್ಟಿದ್ದನಂತೆ. ಅದು ನನಗೆ ಗೊತ್ತಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರ ಎರಡು ಸಲ ಬಂದು, “ಲಾರೆನ್ಸ್, ನನಗೇನಾದರೂ ಬಂತಾ?” ಎಂದು ಕೇಳಿದ. “ಬಂದರೆ ಸಿಕ್ಕೇ ಸಿಗ್ತದೆ ಸರ್,” ಎಂದೆ, ಎರಡು ಸಲವೂ. ಮೂರನೇ ಸಲ ಬಂದದ್ದು ಹನ್ನೊಂದನೇ ತಾರೀಕು, ಗುರುವಾರ.

“ನೀವು ಚಿಂತೆ ಮಾಡಬೇಡಿ,” ಚಿಂತೆಯಲ್ಲಿ ಪಿಎಚ್‌ಡಿ ಮಾಡಿದ ನಾನು ಅವನಿಗೆ ಹೇಳಿದೆ. “ಬಂದ ಕೂಡಲೇ ಗ್ರಹಾಂ ಸರ್ ಕೊಡ್ತಾರೆ.”

“ನನ್ನ ಕಾಗದವನ್ನು ಗ್ರಹಾಂ ಯಾಕೆ ಕೊಡಬೇಕು?”

ನಾನು ಟ್ರೇಗಳ ವ್ಯವಸ್ಥೆಯನ್ನು ವಿವರಿಸಿದೆ. ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ವಿವರಿಸುತ್ತಾ ಹೋದಂತೆ ನನ್ನ ಧ್ವನಿಯೇ ಸಣ್ಣದಾಗುತ್ತಾ ಹೋಯಿತು. ಅವನು ಬೈಯಲಿಲ್ಲ. “ಇಂಗ್ಲೆಂಡ್,” ಎಂದು ಒಂದೇ ಮಾತು ಹೇಳಿ ನನ್ನನ್ನು ನೋಡಿದ. ನನಗೆ ಕರಿಪುರದ ನಿಲ್ದಾಣ ಕಣ್ಣಮುಂದೆ ಬಂತು.

ಗ್ರಹಾಂ ಹತ್ತು ದಿನದಿಂದ ಜುಬೈಲಿನ ಸೈಟಿನಲ್ಲಿದ್ದ. ನನ್ನ ಹತ್ತಿರವಿದ್ದ ಕೀಲಿಯಿಂದ ಅವನ ಕ್ಯಾಬಿನ್ ತೆರೆದೆವು. ಟ್ರೇಯಲ್ಲಿ ಪಂಪು ಕಂಪೆನಿಗಳ ಕ್ಯಾಟಲಾಗುಗಳ ಅಡಿಯಲ್ಲಿ ಆ ಲಕೋಟೆ ಇತ್ತು. ಒಂದು ವಾರದಿಂದ ಅಲ್ಲೇ. ಓಟಿನ ದಿನಕ್ಕೆ ಉಳಿದದ್ದು ಇನ್ನೊಂದು ವಾರ. ಕ್ಯಾಲಂ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತ. ಹೊರಗೆ ಬಂದಾಗ ಅವನ ಕೈಯಲ್ಲಿ ಅಂಟಿಸಿದ ಇನ್ನೊಂದು ಲಕೋಟೆ ಇತ್ತು. ಒಳಗೆ ಏನು ಹಾಕಿದನೆಂದು ಹೇಳಲಿಲ್ಲ. ಕೇಳುವುದು ನನಗೂ ಸರಿ ಕಾಣಲಿಲ್ಲ.

ಹಮೀದಾಕ ಅದನ್ನು ಹಿಡಿದು ಕೊರಿಯರ್ ಅಂಗಡಿಗೆ ಓಡಿದರು. ಅಲ್ಲಿಯವ, ನಾಳೆ ನಾಡಿದ್ದು ರಜೆ, ಭಾನುವಾರ ಹೊರಟರೆ ಗುರುವಾರವೋ ಶುಕ್ರವಾರವೋ, ಗ್ಯಾರಂಟಿ ಇಲ್ಲ ಎಂದನಂತೆ. ಗುರುವಾರ ರಾತ್ರಿ ಮತಗಟ್ಟೆ ಮುಚ್ಚುತ್ತದೆ.

“ಎಂತ ಮಾರಾಯ್ರೆ ನೀವು,” ಹಮೀದಾಕ ನನಗೆ ತುಳುವಿನಲ್ಲಿ ಹೇಳಿದರು. “ಗ್ರಹಾಂ ಸಾಹೇಬ್ರು ಭಾನುವಾರ ಊರಿಗೆ ಹೋಗ್ತಾರಲ್ಲ. ಹೋಗುವವರ ಕೈಯಲ್ಲಿ ಕೊಟ್ರೆ ಆಯ್ತಪ್ಪ. ನಾವು ಕೊರಿಯರಿಗೆ ಕೊಡ್ತೇವಾ ಯಾವತ್ತಾದ್ರೂ?”

ಕೊಡುವುದಿಲ್ಲ. ಗಲ್ಫಿನಲ್ಲಿ ನಮ್ಮ ಕಡೆಯವರು ಏನು ಕಳಿಸುವುದಿದ್ದರೂ ಹೋಗುವವರ ಕೈಯಲ್ಲೇ. ಮದುವೆಯ ಸರ, ತಾಯಿಯ ಸಕ್ಕರೆ ಕಾಯಿಲೆಯ ಮಾತ್ರೆ, ಮಗುವಿನ ಹುಟ್ಟಿದ ಸರ್ಟಿಫಿಕೇಟು. ತೆಗೆದುಕೊಂಡು ಹೋದವನು ತನ್ನ ಮನೆಗೆ ಹೋಗುವ ಮೊದಲು ಅದನ್ನು ಮುಟ್ಟಿಸುತ್ತಾನೆ, ಮುಟ್ಟಿಸಿ ಫೋನು ಮಾಡುತ್ತಾನೆ. ಯಾರೂ ಬರೆದಿಡದ ಕಾನೂನು ಇದು. ಇದರಲ್ಲಿ ತಪ್ಪಿದವನಿಗೆ ಮತ್ತೆ ಯಾರೂ ಒಂದು ಬೆಂಕಿಪೆಟ್ಟಿಗೆಯನ್ನೂ ಕೊಡುವುದಿಲ್ಲ.

ಕ್ಯಾಲಂ ಒಪ್ಪಲಿಲ್ಲ. “ಗ್ಯಾರಂಟಿ ಇಲ್ಲದಿದ್ದರೂ ಕೊರಿಯರೇ ಇರಲಿ,” ಎಂದ. ಪಟ್ಟು ಹಿಡಿದವನು ನಾನು. ನನ್ನ ತಪ್ಪನ್ನು ನಾನೇ ತೊಳೆಯಬೇಕಿತ್ತು. “ಸರ್, ಗ್ರಹಾಂ ಸರ್ ಮನೆಯ ರಸ್ತೆಯಲ್ಲೇ ಅಂಚೆ ಡಬ್ಬಿ ಉಂಟಂತೆ. ಸೋಮವಾರ ಹಾಕಿದರೆ ಮಂಗಳವಾರ ನಿಮ್ಮೂರು. ಹೋಗುವವರ ಕೈಯಲ್ಲಿ ಕೊಟ್ಟದ್ದು ತಪ್ಪಿದ್ದನ್ನು ನಾನು ಕಂಡಿಲ್ಲ,” ಎಂದೆ. ಹನ್ನೆರಡು ವರ್ಷದಲ್ಲಿ ನಾನು ಯಾವುದಕ್ಕೂ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ. ಅದಕ್ಕೇ ಇರಬೇಕು, ಅವನು ನಂಬಿದ.

ಭಾನುವಾರ ಗ್ರಹಾಂ ಲಕೋಟೆಯನ್ನು ತಿರುಗಿಸಿ ನೋಡಿ ನಕ್ಕ. “ನನ್ನ ದೇಶ ಒಡೆಯುವ ಕಾಗದವನ್ನು ನಾನೇ ಹೊತ್ತುಕೊಂಡು ಹೋಗಬೇಕು, ಅಲ್ಲವಾ?”

“ಒಳಗೇನಿದೆ ಅಂತ ನಿನಗೆ ಗೊತ್ತಿಲ್ಲ,” ಎಂದ ಕ್ಯಾಲಂ.

“ಸರಿ, ಸರಿ. ಕೊಡು.” ಊರಿನ ಚಳಿಗೆಂದು ಕೈಯಲ್ಲಿ ಹಿಡಿದಿದ್ದ ಕೋಟಿನ ಒಳಕಿಸೆಯಲ್ಲಿ ಇಟ್ಟು, ಮೇಲಿನಿಂದ ಎರಡು ಸಲ ತಟ್ಟಿದ. ಅವನು ತಟ್ಟಿದ್ದು ನನಗೆ ಭಾಷೆ ಕೊಟ್ಟಂತೆ ಕಂಡಿತು.

ಆಮೇಲೆ ಫೋನಿಲ್ಲ. ಮಂಗಳವಾರ ಇಲ್ಲ, ಬುಧವಾರ ಇಲ್ಲ. “ಬಿಳಿಯರು ಹಾಗೆಲ್ಲ ಫೋನು ಮಾಡುವುದಿಲ್ಲ ಮಾರಾಯ್ರೆ,” ಎಂದು ಹಮೀದಾಕ ಸಮಾಧಾನ ಹೇಳಿದರು. ನಾನು ಒಂದು ಇ-ಮೇಲ್ ಬರೆದೆ, ಅಳಿಸಿದೆ, ಮತ್ತೆ ಬರೆದೆ, ಮೇನೇಜರನ್ನು ರಜೆಯಲ್ಲಿ ಕಾಡುವುದು ಹೇಗೆಂದು ಮತ್ತೆ ಅಳಿಸಿದೆ. ಶುಕ್ರವಾರ ಬೆಳಿಗ್ಗೆ ಟಿವಿಯಲ್ಲಿ ಫಲಿತಾಂಶ ಬಂತು. ಬೇಡ ಎಂದವರು ಗೆದ್ದಿದ್ದರು. ಕ್ಯಾಲಂನ ಕಡೆಯಂತೂ ಮೂವರಲ್ಲಿ ಇಬ್ಬರು ಬೇಡ ಎಂದಿದ್ದರು. ನಾನು ಟಿವಿ ಎದುರು ಕೂತು ನೋಡುತ್ತಿದ್ದದ್ದು ಆ ಒಂದು ಓಟನ್ನು. ಅದು ಯಾವ ಕಡೆಯ ರಾಶಿಯಲ್ಲಿದ್ದರೂ ಚಿಂತೆಯಿರಲಿಲ್ಲ, ರಾಶಿಯಲ್ಲಿದ್ದರೆ ಸಾಕಿತ್ತು.

“ಅಷ್ಟು ದೊಡ್ಡ ದೇಶದ ಚಿಂತೆ ನಿಮಗ್ಯಾಕೆ?” ಎಂದಳು ಲೀನಾ. “ಅದೂ ಕೇರಳದವರಿಗೆ?”

ಅಕ್ಟೋಬರಿನಲ್ಲಿ, ಬಕ್ರೀದ್ ಕಳೆದು ಗ್ರಹಾಂ ಬಂದ. ಚಾಕೊಲೇಟ್ ಹಂಚಿದ. ನನ್ನ ಮೇಜಿನ ಹತ್ತಿರ ಬಂದು, “ಓ, ಲಾರೆನ್ಸ್,” ಎಂದು ಕೋಟಿನ ಒಳಕಿಸೆಯಿಂದ ಲಕೋಟೆ ತೆಗೆದು ಮುಂದಿಟ್ಟ. ಅಂಟಿಸಿದ ಹಾಗೆಯೇ ಇತ್ತು. ಒಂದು ಮೂಲೆ ಮಾತ್ರ ಮಡಚಿತ್ತು. “ಕ್ಯಾಲಂಗೆ ಕೊಡು. ಪೂರ್ತಿ ಮರೆತುಹೋಯಿತು. ವಾಪಸು ಬರುವಾಗ ವಿಮಾನದಲ್ಲಿ ಕೈಗೆ ಸಿಕ್ಕಿತು. ಹೋಗಲಿ, ಒಂದು ಓಟು. ಏನೂ ವ್ಯತ್ಯಾಸ ಆಗುತ್ತಿರಲಿಲ್ಲ.”

ಅವನು ಬೇಕೆಂದೇ ಮಾಡಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಬೇಕೆಂದು ಮಾಡುವವನಿಗೆ ಆ ಕಾಗದದ ಬೆಲೆಯಾದರೂ ಗೊತ್ತಿರುತ್ತದೆ. ಇವನು ಮರೆತಿದ್ದ. ತನ್ನನ್ನು ಕೇಳಲಿಲ್ಲವೆಂದು ಬೇಸಿಗೆಯಿಡೀ ಲೋಟ ಕುಟ್ಟಿದವನು, ಕೇಳಲ್ಪಟ್ಟ ಇನ್ನೊಬ್ಬನ ಉತ್ತರವನ್ನು ಕಿಸೆಯಲ್ಲಿಟ್ಟುಕೊಂಡು ನಾಲ್ಕು ವಾರ ತಿರುಗಿದ್ದ. ಅಂಚೆ ಡಬ್ಬಿಯ ಎದುರಿನಿಂದಲೇ ದಿನಾ ಹೋಗಿರುತ್ತಾನೆ. ಈಗ ವ್ಯತ್ಯಾಸ ಆಗುತ್ತಿರಲಿಲ್ಲ ಎನ್ನುತ್ತಾನೆ! ಅಪ್ಪನ ಬಗ್ಗೆ ಹೇಳಿದ್ದೂ ಇದೇ ಮಾತನ್ನು. ವ್ಯತ್ಯಾಸವಾಗುವವರನ್ನು ಮಾತ್ರ ಕೇಳುವುದಾದರೆ ನಮ್ಮಂಥವರ ಸರದಿ ಎಂದು ಬರಬೇಕು?

ಇದನ್ನೆಲ್ಲ ನಾನು ಅವನ ಮುಖಕ್ಕೇ ಹೇಳಿದೆ ಎಂದು ಬರೆಯಲು ಆಸೆಯಿದೆ. ನಾನು ಹೇಳಿದ್ದು “ಸರಿ ಸರ್” ಎಂದು.

ಕ್ಯಾಲಂ ಲಕೋಟೆಯನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದು ನೋಡಿದ. ಒಡೆಯಲಿಲ್ಲ, ಹರಿಯಲಿಲ್ಲ. ಒಂದು ಗುಂಡುಪಿನ್ನು ತೆಗೆದು ತನ್ನ ಕ್ಯಾಬಿನ್ನಿನ ಹೊರಗೋಡೆಗೆ, ಗ್ರಹಾಂ ದಿನಾ ಹೋಗಿಬರುವ ದಾರಿಯಲ್ಲಿ, ಕಣ್ಣಿನ ಎತ್ತರಕ್ಕೆ ಚುಚ್ಚಿದ. ನಾನು ಕ್ಷಮೆ ಕೇಳಲು ಹೋದೆ. “ಹೋಗುವವರ ಕೈ,” ಎಂದ ಅಷ್ಟೆ. ಅದಕ್ಕಿಂತ ಎರಡು ಹೊಡೆದಿದ್ದರೆ ವಾಸಿಯಿತ್ತು.

ಹಮೀದಾಕ ತೀರ್ಪು ಕೊಟ್ಟರು: “ಆ ಮನುಷ್ಯನ ಕೈಯಲ್ಲಿ ಇನ್ನು ನಾನು ಒಂದು ಗ್ಲಾಸು ನೀರೂ ಕಳಿಸುವುದಿಲ್ಲ.”

ಮನೆಯಲ್ಲಿ ನಾನು ಗ್ರಹಾಂನನ್ನು ಬಾಯಿತುಂಬ ಬೈದೆ. ಮನೆಯಲ್ಲಿ ನನ್ನ ಧೈರ್ಯಕ್ಕೆ ಮಿತಿಯಿಲ್ಲ. ಲೀನಾ ಮೀನು ಹುರಿಯುತ್ತಾ ಕೇಳಿಸಿಕೊಂಡು, “ಅದೆಲ್ಲ ಸರಿ. ಮೊದಲು ಅದನ್ನು ಇಂಗ್ಲೆಂಡಿನ ಟ್ರೇಗೆ ಹಾಕಿದ್ದು ಯಾರು?” ಎಂದಳು. ಮರುದಿನ ಬೇಗ ಹೋಗಿ ಆ ಚೀಟಿಯನ್ನು ಕಿತ್ತೆ. ‘ಕೇರಳ’ವನ್ನೂ ಕಿತ್ತೆ. ಆಮೇಲೆ ಕಾಗದಗಳನ್ನು ಮೇಜಿನಿಂದ ಮೇಜಿಗೆ, ಹೆಸರು ಓದಿ ಓದಿ ಕೈಯಾರೆ ಕೊಡತೊಡಗಿದೆ. ಕಾಲು ನೋಯುತ್ತಿತ್ತು. ನೋಯಲಿ.

ನವೆಂಬರಿನಲ್ಲಿ ರಜೆಯ ಪಟ್ಟಿ ಬಂತು. ಲಾರೆನ್ಸ್, ಕುಟುಂಬ ಸಮೇತ, ದಮ್ಮಾಮಿನಿಂದ ಕೋಝಿಕ್ಕೋಡು. ಹನ್ನೆರಡು ವರ್ಷ ಸಹಿ ಹಾಕಿದ ಹಾಗೆ ಪೆನ್ನು ತೆಗೆದೆ. ಹಾಕಲಾಗಲಿಲ್ಲ. ಬದಲಾವಣೆಯ ಅರ್ಜಿ ತುಂಬಿದೆ: ಮಂಗಳೂರು. ಕಾರಣ ಎಂಬ ಜಾಗದಲ್ಲಿ ಮೊದಲು ಅರ್ಧ ಪುಟ ಬರೆದೆ, ಅಪ್ಪ, ಚಾಪೆ ಎಲ್ಲ. ಹರಿದು ಹಾಕಿ ಇನ್ನೊಂದು ತೆಗೆದು, ‘ನನ್ನ ಮನೆ ಅಲ್ಲಿಗೆ ಹತ್ತಿರ’ ಎಂದು ಬರೆದೆ. ಅದಕ್ಕೆ ಗ್ರಹಾಂನ ಸಹಿ ಬೇಕಿತ್ತು.

ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಟ್ರೇಯಲ್ಲಿ ಇಡು, ನೋಡುತ್ತೇನೆ,” ಎಂದ.

ನಾನು ಇಡಲಿಲ್ಲ. ಕಾಗದ ಹಿಡಿದುಕೊಂಡೇ ನಿಂತೆ.

“ಈಗಲೇ ಸಹಿ ಮಾಡಿ ಸರ್,” ಎಂದೆ. “ಆಮೇಲೆ ಮರೆತುಹೋಗ್ತದೆ.”

ಅವನು ತಲೆ ಎತ್ತಿದ. ಗಾಜಿನ ಆಚೆ, ನನ್ನ ಹೆಗಲಿನ ಹಿಂದೆ, ಕ್ಯಾಲಂನ ಗೋಡೆಯ ಮೇಲಿನ ಲಕೋಟೆ ಅವನಿಗೆ ಕಂಡಿರಬೇಕು. ಕಿವಿಯ ತುದಿ ಕೆಂಪಾಯಿತು. ಪೆನ್ನು ತೆಗೆದುಕೊಂಡ.

ಡಿಸೆಂಬರಿನಲ್ಲಿ ನಾವು ಮಂಗಳೂರಿನಲ್ಲಿ ಇಳಿದೆವು. ದಮ್ಮಾಮಿನಿಂದ ಅಲ್ಲಿಯವರೆಗೆ ನಾನು ಕಿಸೆ ಮುಟ್ಟಿ ನೋಡಿದ್ದನ್ನು ಲೀನಾ ಎಣಿಸಿದ್ದಳು, ಇಪ್ಪತ್ತಮೂರು ಸಲವಂತೆ. ಕಿಸೆಯಲ್ಲಿದ್ದದ್ದು ಪಾಸ್‌ಪೋರ್ಟಲ್ಲ, ಹಮೀದಾಕ ಬಿ.ಸಿ. ರೋಡಿನಲ್ಲಿರುವ ತಮ್ಮ ತಾಯಿಗೆಂದು ಕೊಟ್ಟ ಮಾತ್ರೆಗಳ ಪೊಟ್ಟಣ. ಟ್ಯಾಕ್ಸಿಯವ ಎಲ್ಲಿಗೆಂದು ಕೇಳಿದ.

“ಪೆರ್ಲ,” ಎಂದಳು ಲೀನಾ. “ಒಂದೂವರೆ ಗಂಟೆಯಲ್ಲಿ ಮನೆ ಅಂತ ಹನ್ನೆರಡು ವರ್ಷದಿಂದ ಹೇಳ್ತಾ ಇದ್ದಾರೆ, ನೋಡುವ.”

“ಮೊದಲು ಬಿ.ಸಿ. ರೋಡ್,” ಎಂದೆ ನಾನು.